ಚೀಲ ಮುಂದೆ, ಆಳು ಹಿಂದೆ

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಮೇಜಿನ ಮುಂದೆ ಕೂತಿದ್ದೆ. ಕೋಣಂದೂರಿನಲ್ಲಿ ಭಾನುವಾರ ಮಧ್ಯಾಹ್ನ ಎಂದರೆ ಸದ್ದಿಲ್ಲದ ಹೊತ್ತು. ಪತ್ರಿಕೆ ತಿದ್ದಲಿಕ್ಕೂ ನಿದ್ದೆ ಮಾಡಲಿಕ್ಕೂ ಒಂದೇ ಥರ ಹೇಳಿ ಮಾಡಿಸಿದ ಹೊತ್ತು. ಆ ದಿನ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತಿದ್ದೆ.

ಹನ್ನೊಂದನೇ ಪ್ರಶ್ನೆ ಹೀಗಿತ್ತು: ‘ವೇಟ್’ ಮತ್ತು ‘ಎಕ್ಸ್‌ಪೆಕ್ಟ್’ ಈ ಎರಡು ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿ, ವ್ಯತ್ಯಾಸ ತೋರಿಸಿ. ಎರಡು ಅಂಕ. ಪ್ರಶ್ನೆ ತೆಗೆದವಳು ನಾನೇ. ಪ್ರತಿ ವರ್ಷ ಇದೊಂದು ಪ್ರಶ್ನೆ ಎಲ್ಲಾದರೂ ತೂರಿಸುತ್ತೇನೆ. ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಬಸ್ಸಿಗೆ ‘ವೇಟ್’ ಮಾಡಿದ್ದರು. ಉಳಿದರ್ಧ ಜನ ಒಳ್ಳೇ ಮಾರ್ಕ್ಸು ‘ಎಕ್ಸ್‌ಪೆಕ್ಟ್’ ಮಾಡಿದ್ದರು. ಅದು ವ್ಯಾಕರಣಕ್ಕಿಂತ ಹೆಚ್ಚಾಗಿ ನನಗೇ ಬರೆದ ಅರ್ಜಿಯಂತಿತ್ತು. ನಡುವೆ ಸುಚಿತ್ರಾ ಎಂಬ ಹುಡುಗಿಯ ಪತ್ರಿಕೆ ಬಂತು. ಅವಳು ಇಂಗ್ಲಿಷಿನಲ್ಲಿ ಬರೆದದ್ದರ ಅರ್ಥ ಇಷ್ಟು: ‘ನಾನು ನನ್ನ ಅಪ್ಪನಿಗಾಗಿ ವೇಟ್ ಮಾಡುವುದಿಲ್ಲ. ನಾನು ನನ್ನ ಅಪ್ಪನನ್ನು ಎಕ್ಸ್‌ಪೆಕ್ಟ್ ಮಾಡುತ್ತೇನೆ.’

ಎರಡು ಸಲ ಓದಿದೆ. ವಾಕ್ಯದಲ್ಲಿ ತಪ್ಪಿರಲಿಲ್ಲ. ಆದರೆ ಕಾಯುವುದಿಲ್ಲ ಅನ್ನುತ್ತಾಳೆ, ಬರುತ್ತಾನೆ ಅನ್ನುತ್ತಾಳೆ, ಇದೆಂಥದು? ಗೊತ್ತಿಲ್ಲದೆ ಎರಡೂ ಪದ ತುರುಕಿದ್ದಾಳೆ ಅನ್ನಿಸಿತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಅರ್ಥ ಸ್ಪಷ್ಟವಿಲ್ಲ’ ಎಂದು ಬರೆದು ಒಂದು ಅಂಕ ಕೊಟ್ಟು ಮುಂದೆ ಹೋದೆ.

ಕಟ್ಟು ಮುಗಿದ ಮೇಲೆ ಅದನ್ನು ಶಾಲೆಗೆ ಒಯ್ಯಲು ಚೀಲ ಹುಡುಕಿದರೆ ಚೀಲವಿಲ್ಲ. ಹೋದ ತಿಂಗಳು ಊರಿಗೆ ಹೋದಾಗ ಅಲ್ಲೇ ಬಿಟ್ಟು ಬಂದಿದ್ದೆನೆಂದು ಆಗ ನೆನಪಾಯಿತು. ನಮ್ಮೂರು ಸಾಗರದಿಂದಾಚೆ, ಶರಾವತಿ ಹಿನ್ನೀರು ದಾಟಿದ ಮೇಲೆ, ಸಿಗಂದೂರಿನ ಕಡೆ. ಅಪ್ಪಯ್ಯನಿಗೆ ಫೋನ್ ಮಾಡಿದೆ.

“ಅಪ್ಪಯ್ಯ, ನನ್ ಚೀಲ ಅಲ್ಲೇ ಉಳೀತಾ?”

“ಹ್ಞೂಂ. ಮೊಳೆಗೆ ತೂಗಾಕಿದೀನಿ. ಎಂತಕೆ?”

“ನಾಳೆ ಬಸ್ಸಿಗೆ ಕೊಟ್ಟು ಕಳ್ಸು ಮಾರಾಯ. ಪೇಪರ್ ಹಾಕ್ಕಂಡು ಹೋಗೋಕೆ ಬೇಕು.”

“ಕಳ್ಸಬೋದು. ಈಗೇನು, ಸೇತುವೆ ಆಗಿದೆ, ಬಸ್ಸು ಬಾಗ್ಲಿಗೇ ಬರುತ್ತೆ. ಆದ್ರೆ ಚೀಲ ಒಂದನ್ನೇ ಮುಂದೆ ಕಳ್ಸೋಕೆ ನಂಗೆ ಧೈರ್ಯ ಇಲ್ಲ ಕಣೆ.”

ಇಬ್ಬರೂ ನಕ್ಕೆವು. ನಾವು ಯಾಕೆ ನಕ್ಕೆವೆಂದು ನಿಮಗೆ ಗೊತ್ತಾಗಬೇಕಾದರೆ ಇಪ್ಪತ್ತೈದು ವರ್ಷ ಹಿಂದಕ್ಕೆ ಬರಬೇಕು. ಬನ್ನಿ, ದೂರವೇನಿಲ್ಲ.

ಮೊದಲು ಚೀಲದ ವಿಷಯ ಹೇಳಿಬಿಡುತ್ತೇನೆ. ಅದು ಯಾವುದೋ ಜವಳಿ ಅಂಗಡಿಯವರು ಮದುವೆ ಜವಳಿಯ ಜೊತೆ ಕೊಟ್ಟ ಹಳದಿ ಬಟ್ಟೆಯ ಚೀಲ. ತಳ ಹರಿದಾಗ ಅವ್ವ ನನ್ನ ಹೈಸ್ಕೂಲಿನ ನೀಲಿ ಯೂನಿಫಾರ್ಮಿನ ತುಂಡು ಕತ್ತರಿಸಿ ತೇಪೆ ಹಾಕಿದಳು. ಆಮೇಲೆ ಹಿಡಿಕೆ ಹೋಯಿತು, ಅದಕ್ಕೂ ನೀಲಿ. ಈಗ ಅದರಲ್ಲಿ ಚೀಲಕ್ಕಿಂತ ತೇಪೆಯೇ ಜಾಸ್ತಿ. ನನ್ನ ಸಹೋದ್ಯೋಗಿಗಳು ‘ಮೇಡಂ, ಒಂದು ಬ್ಯಾಗು ತಗಳ್ಳಿ’ ಎಂದು ಹೇಳಿ ಹೇಳಿ ಸುಮ್ಮನಾಗಿದ್ದಾರೆ.

ಸೇತುವೆ ಆಗುವ ಮೊದಲು ನಮಗೆಲ್ಲ ಲಾಂಚೇ ಗತಿ. ಲಾಂಚು ತಪ್ಪಿದರೆ ಆಚೆ ದಡದಲ್ಲಿ ನಿಂತಿರುವ ಬಸ್ಸೂ ತಪ್ಪಿತು, ಬಸ್ಸು ತಪ್ಪಿದರೆ ಸಾಗರದ ಕೆಲಸವೂ ತಪ್ಪಿತು. ಆದರೆ ನಮ್ಮ ಮನೆಗಳು ದಡದಲ್ಲಿರಲಿಲ್ಲ. ಎರಡು ಮೂರು ಮೈಲಿ ಗುಡ್ಡ ಇಳಿದು ಬರಬೇಕು. ಅದಕ್ಕೆ ನಮ್ಮ ಕಡೆ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಹಾಲಿನ ಮಂಜಪ್ಪ ಸೈಕಲ್ಲಿನಲ್ಲಿ ದಡಕ್ಕೆ ಹೋಗುತ್ತಿದ್ದ. ಆ ದಿನ ಪೇಟೆಗೆ ಹೋಗುವವರು ತಮ್ಮ ಚೀಲವನ್ನು ಅವನ ಕೈಯಲ್ಲಿ ಮುಂದೆ ಕಳಿಸುತ್ತಿದ್ದರು. ಅವನು ಅದನ್ನು ಲಾಂಚಿನೊಳಗೆ ಹಲಗೆಯ ಮೇಲೆ ಇಟ್ಟು ಬರುತ್ತಿದ್ದ. ಲಾಂಚಿನ ನಾರಾಯಣಣ್ಣನಿಗೆ ಎಲ್ಲರ ಚೀಲವೂ ಗೊತ್ತು. ಯಜಮಾನನಿಲ್ಲದ ಚೀಲ ಹಲಗೆಯ ಮೇಲಿದೆ ಎಂದರೆ ಆಳು ಹಿಂದೆ ಬರುತ್ತಿದೆ ಎಂದರ್ಥ. ಆಳು ಬರುವವರೆಗೆ ಅವನು ಹಗ್ಗ ಬಿಚ್ಚುತ್ತಿರಲಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ‘ಚೀಲ ಮುಂದೆ, ಆಳು ಹಿಂದೆ’ ಅನ್ನುತ್ತಿದ್ದರು, ಅಷ್ಟೆ.

ಇನ್ನು ನನ್ನ ವಿಷಯ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೇ ಕ್ಲಾಸಿನ ಹೊಸಿಲು ದಾಟಿದವರಿಲ್ಲ. ಅಜ್ಜ ಗೇಣಿಗೆ ಗದ್ದೆ ಮಾಡಿದವನು. ಅಪ್ಪಯ್ಯ ಸ್ವಂತ ಗದ್ದೆ ಮಾಡಿದವನು, ಸಹಿ ಹಾಕಲು ಕಲಿತವನು. ನಾನು ಡಿಗ್ರಿ ಮಾಡಿದವಳು. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ, ಸುಮ್ಮನೆ ಸಂಕೋಚ ನಟಿಸುವುದಿಲ್ಲ. ಆದರೆ ಡಿಗ್ರಿ ಸಲೀಸಾಗಿ ಬಂತೆಂದು ತಿಳಿಯಬೇಡಿ. ಎಲ್ಲ ವಿಷಯ ಪಾಸಾಗಿ ಇಂಗ್ಲಿಷ್ ಒಂದು ಉಳಿಯಿತು. ಒಂದು ಸಲ ಕಟ್ಟಿದೆ, ಹೋಯಿತು. ಎರಡನೇ ಸಲ ಕಟ್ಟಿದೆ, ಆಗಲೂ ಹೋಯಿತು. ಆ ಇಂಗ್ಲಿಷನ್ನೇ ಈಗ ನಾನು ಕಲಿಸುವುದೆಂದರೆ ನಗು ಬರಬಹುದು. ನನಗೂ ಬರುತ್ತದೆ.

ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರು ತೀರ್ಥಹಳ್ಳಿ ಕಡೆಯವರು. ಗಡುಸು ಮಾತು, ಒಳಗೆ ಮೃದು. ಒಂದು ದಿನ ತರಗತಿಯಲ್ಲಿ ನನ್ನನ್ನು ಎಬ್ಬಿಸಿ, “ವೇಟ್‌ಗೂ ಎಕ್ಸ್‌ಪೆಕ್ಟ್‌ಗೂ ಎಂತ ವ್ಯತ್ಯಾಸ?” ಎಂದು ಕೇಳಿದರು.

“ಎರಡೂ ಒಂದೇ ಸರ್. ಕಾಯೋದು,” ಅಂದೆ.

ತರಗತಿ ನಕ್ಕಿತು. ಅವರು ನಗಲಿಲ್ಲ. “ನೀನು ಲಾಂಚಿನ ಕಡೆಯವಳಲ್ಲವೇನೆ? ನಿಂಗೆ ಗೊತ್ತಿರ್ಬೇಕಿತ್ತು. ವೇಟ್ ಮಾಡೋಕೆ ಒಂದು ಜಾಗ ಬೇಕು. ಬಸ್ ಸ್ಟ್ಯಾಂಡೋ, ಕಟ್ಟೆಯೋ, ಬಾಗ್ಲೋ. ಅಲ್ಲಿ ನಿಲ್ಬೇಕು, ಬೇರೆ ಕೆಲ್ಸ ಬಿಡ್ಬೇಕು. ಎಕ್ಸ್‌ಪೆಕ್ಟ್ ಮಾಡೋಕೆ ಜಾಗ ಬೇಡ. ಒಂದು ಕಾರಣ ಬೇಕು, ಸಾಕು,” ಅಂದರು.

ನಾನು ಬರೆದುಕೊಂಡೆ. ಬರೆದುಕೊಂಡಿದ್ದೆಲ್ಲ ಅರ್ಥವಾಗಬೇಕೆಂದು ಎಲ್ಲಿದೆ? ಹಾಸ್ಟೆಲಿಗೆ ಹೋಗಿ ಡಿಕ್ಷನರಿ ನೋಡಿದರೆ ಎಕ್ಸ್‌ಪೆಕ್ಟ್ ಎಂದರೆ ‘ನಿರೀಕ್ಷಿಸು’ ಎಂದಿತ್ತು. ನಮ್ಮೂರಲ್ಲಿ ಯಾರೂ ಯಾರನ್ನೂ ನಿರೀಕ್ಷಿಸಿದ್ದು ನಾನು ಕಂಡಿಲ್ಲ. ಅಂಥ ಮಾತು ಬಾಯಿಗೆ ಬಂದರೆ ಅವ್ವ ಹಣೆ ಮುಟ್ಟಿ ಜ್ವರ ನೋಡುತ್ತಿದ್ದಳು. ನಾವು ‘ಬರೋದುಂಟು’ ಅನ್ನುತ್ತಿದ್ದೆವು. ನಾಳೆ ಅತ್ತೆ ಬರೋದುಂಟು. ಮಧ್ಯಾಹ್ನ ಮೇಲೆ ಮಳೆ ಬರೋದುಂಟು. ಅಷ್ಟು ಹೇಳಿ ಒಂದು ಸೇರು ಅಕ್ಕಿ ಜಾಸ್ತಿ ಹಾಕುತ್ತಿದ್ದೆವು, ಇಲ್ಲವೇ ಅಂಗಳದ ಸೌದೆ ಒಳಗೆ ತರುತ್ತಿದ್ದೆವು. ಬಾಗಿಲಲ್ಲಿ ಹೋಗಿ ನಿಲ್ಲುತ್ತಿರಲಿಲ್ಲ. ಲೆಕ್ಚರರು ಹೇಳಿದ್ದು ಇದನ್ನೇ ಎಂದು ಹೊಳೆಯಲು ನನಗೆ ಬಹಳ ವರ್ಷ ಬೇಕಾಯಿತು.

ಮೂರನೇ ಸಲ ಪರೀಕ್ಷೆ ಕಟ್ಟುವ ಹೊತ್ತಿಗೆ ನಾನು ಹಾಸ್ಟೆಲ್ ಬಿಟ್ಟು ಮನೆಯಲ್ಲಿದ್ದೆ. ಹುಲಿಕಲ್ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಒಳ್ಳೇ ಜನವೇ. ‘ಹುಡುಗಿ ಓದಿದ್ದು ಸಾಕು, ಮುಂದೆ ಕೆಲಸಕ್ಕೆ ಹೋಗೋದೆಲ್ಲ ನಮ್ಮಲ್ಲಿಲ್ಲ’ ಎಂದು ಮೊದಲೇ ಹೇಳಿದ್ದರು. ಅವ್ವ ಅವರಿಗೆ ಪರೀಕ್ಷೆ ಮುಗಿದು ಫಲಿತಾಂಶ ಬಂದ ಮೇಲೆ ಬನ್ನಿ ಎಂದು ಹೇಳಿ ಕಳಿಸಿದ್ದಳು. ನನಗೆ ಹೇಳಿದ್ದು ಬೇರೆ.

“ಇದೇ ಕೊನೆ ಸಲ ಕಣೆ. ಆದ್ರೆ ಆಯ್ತು. ಆಗ್ಲಿಲ್ಲಾಂದ್ರೆ ಪುಸ್ತಕ ಅಟ್ಟಕ್ಕೆ ಹಾಕು. ಅವ್ರನ್ನ ಇನ್ನೊಂದ್ಸಲ ವಾಪಸ್ ಕಳ್ಸೋಕೆ ನಂಗೆ ಬಾಯಿಲ್ಲ.”

ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ. ಅವನೊಂದು ಮಾತು ಹೇಳಬಹುದಿತ್ತು ಎಂದು ನನಗೆ ಬಹಳ ಸಿಟ್ಟು ಬಂದಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಚೀಲಕ್ಕೆ ಪುಸ್ತಕ, ಎರಡು ಪೆನ್ನು, ಬುತ್ತಿ ತುಂಬಿ, ಹಾಲ್ ಟಿಕೆಟನ್ನೂ ಅದರಲ್ಲೇ ಹಾಕಿದೆ. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ. ಆದರೆ ನಾವು ಹಾಗೆಯೇ ಮಾಡುತ್ತಿದ್ದದ್ದು. ಮಂಜಪ್ಪ ಬಂದ, ಚೀಲ ಒಯ್ದ. ಚೀಲ ಹೋಯಿತಲ್ಲ, ಇನ್ನೇನು ಅವಸರ ಎಂದು ಅವ್ವ ಇನ್ನೆರಡು ದೋಸೆ ಹಾಕಿದಳು. ದಡದವರೆಗೆ ಅಪ್ಪಯ್ಯ ಜೊತೆಗೆ ಹೊರಟ. ದಾರಿಯಲ್ಲಿ ನಮ್ಮ ಬೇಲಿ ದಾಟುವ ಉಣುಗೋಲಿನ ಗಳ ಮುರಿದು ಬಿದ್ದು ದನ ಗದ್ದೆಗೆ ನುಗ್ಗುವಂತಿತ್ತು. ಅಪ್ಪಯ್ಯ, “ಎರಡೇ ನಿಮಿಷ, ಸಿಕ್ಕಿಸ್ತೀನಿ, ಆಮೇಲೆ ಬೇಲಿ ಗಟ್ಟಿ ಮಾಡಿದ್ರಾಯ್ತು,” ಎಂದು ಅಲ್ಲಿ ನಿಂತ. ನಾನೂ ನಿಂತೆ. ಚೀಲ ಮುಂದೆ ಇದೆಯಲ್ಲ.

ಗುಡ್ಡದ ತಿರುವು ಇಳಿದು ನೋಡಿದರೆ ಲಾಂಚು ನೀರಿನ ನಡುವೆ ಇತ್ತು.

ಆ ದಿನ ನಾರಾಯಣಣ್ಣ ರಜೆ. ಅವನ ಬದಲಿಗೆ ಬಂದವನು ಹೊಸಬ, ಬಯಲುಸೀಮೆ ಕಡೆಯವನಂತೆ. ಅವನು ಗಡಿಯಾರ ನೋಡಿದ್ದಾನೆ, ಹಗ್ಗ ಬಿಚ್ಚಿದ್ದಾನೆ. ಮಂಜಪ್ಪ ದಡದಿಂದ “ಚೀಲ ಉಂಟು ಮಾರಾಯ್ರೇ, ಚೀಲ ಉಂಟು!” ಎಂದು ಕೂಗಿದರೆ ಅವನು, “ಚೀಲ ಹತ್ತೈತಲ್ರೀ, ಇನ್ನೇನು?” ಅಂದನಂತೆ. ಅವನದೂ ತಪ್ಪಿಲ್ಲ. ಲೋಕದಲ್ಲಿ ಬೇರೆಲ್ಲೂ ಚೀಲ ಹತ್ತಿದ ಮೇಲೆ ಗಾಡಿ ನಿಲ್ಲುವುದಿಲ್ಲ.

ನಾನು ದಡದಲ್ಲೇ ಕೂತು ಅತ್ತುಬಿಟ್ಟೆ. ನನ್ನ ಹಾಲ್ ಟಿಕೆಟು ನಾನಿಲ್ಲದೆ ಪರೀಕ್ಷೆಗೆ ಹೋಗುತ್ತಿತ್ತು. ಮುಂದಿನ ಲಾಂಚು ಮುಕ್ಕಾಲು ಗಂಟೆಗೆ. ಅಷ್ಟರಲ್ಲಿ ಆಚೆ ದಡದ ಬಸ್ಸು ಹೋಗಿರುತ್ತದೆ, ಅದರ ನಂತರದ ಬಸ್ಸಿಗೆ ಹೋದರೆ ಪರೀಕ್ಷೆ ಅರ್ಧ ಮುಗಿದಿರುತ್ತದೆ. ಮಂಜಪ್ಪ ತಾನೇ ತಪ್ಪು ಮಾಡಿದವನಂತೆ ಹಾಲಿನ ಕ್ಯಾನು ಹಿಡಿದು ನಿಂತಿದ್ದ.

ಅಪ್ಪಯ್ಯ ಆಚೆ ದಡ ನೋಡುತ್ತ, “ಅಳ್ಬೇಡ್ವೆ. ಚೀಲ ಹೋಯ್ತಲ್ಲ, ನೀ ಬರೋದುಂಟು ಅಂತ ಅವ್ರಿಗೆ ಗೊತ್ತಾಗುತ್ತೆ,” ಅಂದ.

“ಯಾರಿಗೆ ಗೊತ್ತಾಗುತ್ತೆ? ನೀರಿಗಾ?” ಎಂದು ಕೂಗಿದೆ. ಅಪ್ಪಯ್ಯನ ಮೇಲೆ ನಾನು ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಮುಂದಿನ ಲಾಂಚು ಬಂದಾಗ, “ಹತ್ತು. ಸಂಜೆ ಲಾಂಚಿಗೆ ಬಾ,” ಎಂದಷ್ಟೇ ಹೇಳಿದ.

ಆಚೆ ದಡ ಹತ್ತಿರವಾದಾಗ ಮೊದಲು ಕಂಡದ್ದು ಬಸ್ಸು. ಹೋಗಿರಬೇಕಾದ ಬಸ್ಸು. ಡ್ರೈವರು ಒಂದು ಕಬ್ಬಿಣದ ಪಾನಾ ಹಿಡಿದು ಚಕ್ರಗಳನ್ನು ಒಂದೊಂದಾಗಿ ಬಡಿಯುತ್ತ ಸುತ್ತು ಹಾಕುತ್ತಿದ್ದ. ಆರು ಚಕ್ರ, ಅದೆಷ್ಟನೆಯ ಸುತ್ತೋ. ಸಿಗಂದೂರಿಗೆ ಬಂದು ಉಳಿದು ವಾಪಸಾಗುತ್ತಿದ್ದ ಒಂದಷ್ಟು ಯಾತ್ರಿಕರು ಕಿಟಕಿಯಿಂದ ತಲೆ ಹಾಕಿ ಬೈಯುತ್ತಿದ್ದರು. ಅವರ ಬಾಯಿ ಮುಚ್ಚಿಸಲು ಆ ಚಕ್ರ ಬಡಿಯುವ ನಾಟಕ. ಬಾಗಿಲ ಪಕ್ಕದ ಸೀಟಿನಲ್ಲಿ, ಟಿಕೆಟ್ ತೆಗೆದುಕೊಂಡ ಪ್ರಯಾಣಿಕನ ಹಾಗೆ, ನನ್ನ ಹಳದಿ ಚೀಲ ಕೂತಿತ್ತು.

ಕಂಡಕ್ಟರು ನನ್ನನ್ನು ನೋಡಿ ಡ್ರೈವರಿಗೆ ಕೈ ಮಾಡಿದ. “ಬಂದ್ಳು ಚೀಲದಮ್ಮ! ಬಾ ತಾಯಿ, ಬೇಗ ಹತ್ತು. ಇನ್ನೊಂದು ಸುತ್ತು ಬಡಿದ್ರೆ ಟೈರು ಒಡೆದೇ ಹೋಗೋದು.”

ಯಾತ್ರಿಕರಲ್ಲಿ ಒಬ್ಬ, “ಒಂದು ಚೀಲಕ್ಕೋಸ್ಕರ ಮುಕ್ಕಾಲು ಗಂಟೆ ಬಸ್ ನಿಲ್ಸಿದ್ರೇನ್ರೀ?” ಎಂದು ಎದ್ದು ನಿಂತ.

ಹಿಂದಿನ ಸೀಟಿನಲ್ಲಿ ಎಲೆಯಡಿಕೆ ಹಾಕುತ್ತಿದ್ದ ನಮ್ಮ ಕಡೆಯ ಮುದುಕಿಯೊಬ್ಬಳು, “ಕೂತ್ಕಳಯ್ಯ. ಚೀಲಕ್ಕೆ ಯಾರು ನಿಲ್ಸ್ತಾರೆ? ನೀಲಿ ತೇಪೆ ಕಾಣ್ತಿಲ್ವಾ? ಓದೋ ಹುಡುಗಿದು ಅದು, ಲಾಂಚಿಂದ ನಾನೇ ಎತ್ಕಂಡು ಬಂದೆ,” ಅಂದಳು.

ಅವಳ ಹೆಸರು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆ ಬಸ್ಸಿನಲ್ಲಿ ಇದ್ದವರನ್ನೆಲ್ಲ ನಾನು ಆಮೇಲೆ ಎಷ್ಟೋ ಸಲ ಲೆಕ್ಚರರ ಎರಡು ಪದಗಳಿಗೆ ಹಂಚಿ ನೋಡಿದ್ದೇನೆ. ಯಾತ್ರಿಕರು ವೇಟ್ ಮಾಡಿದರು. ಯಾಕೆಂದು ಅವರಿಗೆ ಗೊತ್ತಿರಲಿಲ್ಲ, ಅದಕ್ಕೇ ಅವರಿಗೆ ಅಷ್ಟು ಸಿಟ್ಟು. ಕಂಡಕ್ಟರು, ಡ್ರೈವರು, ಆ ಮುದುಕಿ ಎಕ್ಸ್‌ಪೆಕ್ಟ್ ಮಾಡಿದರು. ಅವರಿಗೆ ಒಂದು ಕಾರಣ ಸಿಕ್ಕಿತ್ತು. ಅದು ಸೀಟಿನ ಮೇಲೆ ಕೂತಿತ್ತು.

ಸಾಗರದಲ್ಲಿ ಇಳಿದು ಓಡಿದೆ. ಪ್ರಶ್ನೆಪತ್ರಿಕೆ ಹಂಚಿ ಆಗಿತ್ತು. ಬಾಗಿಲಲ್ಲಿದ್ದವರು ನನ್ನ ಮುಖ ನೋಡಿದರು, ಹಾಲ್ ಟಿಕೆಟ್ ನೋಡಿದರು, ಚೀಲ ಹೊರಗಿಡಲು ಹೇಳಿ ಒಳಗೆ ಬಿಟ್ಟರು. ಬರೆದೆ. ಹೇಗೆ ಬರೆದೆ ಎಂದು ನೆನಪಿಲ್ಲ. ದೋಸೆ ಜಾಸ್ತಿ ತಿಂದದ್ದು ಒಳ್ಳೆಯದಾಯಿತು ಎಂದು ಅನ್ನಿಸಿದ್ದು ಮಾತ್ರ ನೆನಪಿದೆ.

ಸಂಜೆ ಲಾಂಚು ನಮ್ಮ ದಡ ಮುಟ್ಟುವಾಗ ಅಪ್ಪಯ್ಯ ಅಲ್ಲಿ ನಿಂತಿದ್ದ. ಬೆಳಿಗ್ಗೆ ಕೂಗಿದ್ದು ನೆನಪಾಗಿ ಮುಖ ಎತ್ತಲಾಗಲಿಲ್ಲ.

“ಅಪ್ಪಯ್ಯ, ಬೆಳಿಗ್ಗೆಯಿಂದ ಇಲ್ಲೇ ನಿಂತಿದ್ಯಾ?”

“ನಂಗೆಂತ ಬೇರೆ ಕೆಲ್ಸ ಇಲ್ವಾ? ಬೇಲಿ ಕಟ್ಟಿದೆ. ಉಂಡೆ, ಒಂದು ನಿದ್ದೆ ತೆಗ್ದೆ. ಆಚಾರಿ ಮನೆ ಕಡೆ ಹೋಗಿದ್ದೆ, ಹಂಗೇ ಇಳಿದು ಬಂದೆ. ಈ ಲಾಂಚಿಗೆ ನೀ ಬರೋದಿತ್ತಲ್ಲ.”

ನನಗೆ ಸ್ವಲ್ಪ ನಿರಾಸೆಯೇ ಆಯಿತು. ಇಷ್ಟು ದೊಡ್ಡ ಗಂಡಾಂತರ ದಾಟಿ ಬಂದಿದ್ದೇನೆ, ಈತ ನಿದ್ದೆ ತೆಗೆದು ಬಂದಿದ್ದಾನೆ! ಅವನು ಚೀಲ ಹೆಗಲಿಗೆ ಹಾಕಿಕೊಂಡು ನಡೆದ. ಪರೀಕ್ಷೆ ಹೇಗಾಯಿತೆಂದು ಕೇಳಲಿಲ್ಲ. ಮನೆ ತಲುಪುವವರೆಗೂ ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ. ನಾನು ಪಾಸಾಗುತ್ತೇನೆಂಬ ಆಸೆ ಇವನಿಗಿಲ್ಲ, ಹುಲಿಕಲ್ಲಿನವರು ಬಂದರೆ ಸಾಕೆಂದಿದ್ದಾನೆ ಎಂದು ತೀರ್ಮಾನ ಮಾಡಿಕೊಂಡೆ. ಫಲಿತಾಂಶ ಬರುವವರೆಗೆ ಅವನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಓದಿದವಳ ಜಂಬ.

ಫಲಿತಾಂಶ ನೋಡಲು ಸಾಗರಕ್ಕೆ ಹೋದೆ. ಪಾಸು. ಎಷ್ಟು ಅಂಕ ಎಂದು ಕೇಳಬೇಡಿ, ಪಾಸು. ಮನೆಗೆ ಓಡಿ ಬಂದರೆ ಜಗಲಿಯ ಮೇಲೆ ಒಂದು ಮೇಜು ನಿಂತಿತ್ತು. ಹಲಸಿನ ಮರದ್ದು, ಇನ್ನೂ ಹೊಸ ಮರದ ವಾಸನೆ. ಒಂದು ಕಾಲು ತುಸು ಗಿಡ್ಡ. ಅಪ್ಪಯ್ಯ ಅದರ ಪಕ್ಕ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ಪಾಸಾಯ್ತು ಅಪ್ಪಯ್ಯ!”

“ಹ್ಞೂಂ. ಆ ಕಡೆ ಹಿಡ್ಕ, ಇದನ್ನ ಒಳಗಿಡಾಣ.”

ಒಳಗಿದ್ದ ಅವ್ವ ಕಣ್ಣೊರಸಿಕೊಂಡು ಹೊರಗೆ ಬಂದಳು. “ನೀ ಪರೀಕ್ಷೆ ಬರೆಯೋಕೆ ಹೋದ ದಿನಾನೇ ಆಚಾರಿಗೆ ಹೇಳಿ ಬಂದಿದ್ರು ಕಣೆ ನಿಮ್ಮಪ್ಪಯ್ಯ. ಡಿಗ್ರಿ ಆದವ್ಳು ನೆಲದ್ ಮೇಲೆ ಕೂತು ಬರಿಯೋದಾ ಅಂತ. ನಾನು ಬೈದೆ, ಮೊದ್ಲು ಆಗ್ಲಿ ಮಾರಾಯ್ರೆ ಅಂತ.”

ನಾನು ಮೇಜಿನ ಒಂದು ಕಡೆ ಹಿಡಿದುಕೊಂಡೇ ಕೇಳಿದೆ, “ಫೇಲಾಗಿದ್ರೆ?”

“ಭತ್ತದ ಬುಟ್ಟಿ ಇಡಬೋದಿತ್ತು,” ಅಂದ ಅಪ್ಪಯ್ಯ. ಆಮೇಲೆ ಹೊಸಿಲು ದಾಟಿಸುತ್ತ, “ಎರಡ್ ಸಲ ಸೋತವ್ಳು ಮೂರನೇ ಸಲ ಚೀಲ ತುಂಬ್ಸಿದ್ಯಲ್ಲ. ಮತ್ತೆಂತ ಬೇಕು?” ಅಂದ.

ಹುಲಿಕಲ್ಲಿನವರಿಗೆ ಅವ್ವ ಏನು ಹೇಳಿ ಕಳಿಸಿದಳೋ ಗೊತ್ತಿಲ್ಲ, ಅವರು ಬರಲಿಲ್ಲ. ನಾನು ಬಿ.ಎಡ್. ಮಾಡಿದೆ. ಮೊದಲ ಕೆಲಸ ಹೊಸನಗರ ತಾಲೂಕಿನಲ್ಲಿ ಸಿಕ್ಕಾಗ ಮೇಜು ಲಾಂಚು ಹತ್ತಿ ಅಲ್ಲಿಗೆ ಬಂತು. ಆ ಸಲ ಅದರ ಜೊತೆ ನಾನೂ ಹತ್ತಿದ್ದೆ, ನೋಡಿಕೊಂಡೇ ಹತ್ತಿದ್ದೆ. ಮದುವೆಯಾಗಿ ಕೋಣಂದೂರಿಗೆ ಬಂದಾಗ ಅದೂ ಬಂತು. ಈಗ ನಾನು ಪತ್ರಿಕೆ ತಿದ್ದುತ್ತಿರುವುದು ಅದರ ಮೇಲೆಯೇ. ಗಿಡ್ಡ ಕಾಲಿನ ಕೆಳಗೆ ಮಡಚಿದ ರಟ್ಟು ಇಟ್ಟಿದ್ದೇನೆ.

ಅಪ್ಪಯ್ಯನ ಫೋನು ಇಟ್ಟ ಮೇಲೆ ಈ ಮೇಜಿನ ಮುಂದೆ ವಾಪಸ್ ಬಂದು ಕೂತೆ. ಆಮೇಲೆ ಕಟ್ಟಿದ ಕಟ್ಟು ಮತ್ತೆ ಬಿಚ್ಚಿ ಸುಚಿತ್ರಾಳ ಪತ್ರಿಕೆ ಹೊರಗೆ ತೆಗೆದಿಟ್ಟೆ. ಅಂಕ ಮಾತ್ರ ತಿದ್ದಲಿಲ್ಲ. ಮೊದಲು ಕೇಳಬೇಕು ಅನ್ನಿಸಿತು. ನನ್ನ ಕಥೆ ನೆನಪಾಯಿತೆಂದು ಅವಳ ವಾಕ್ಯಕ್ಕೆ ಅಂಕ ಕೊಡುವುದು ನ್ಯಾಯವಲ್ಲ.

ಸೋಮವಾರ ಅವಳನ್ನು ಸ್ಟಾಫ್ ರೂಮಿಗೆ ಕರೆದೆ. ಹೆದರಿಕೊಂಡೇ ಬಂದಳು.

“ಇದೆಂತ ಬರೆದಿದ್ದೀಯೆ? ಅಪ್ಪ ಎಲ್ಲಿದ್ದಾರೆ?”

“ಘಟ್ಟದ ಕೆಳಗೆ ಮೇಡಂ. ರಸ್ತೆ ಕೆಲ್ಸಕ್ಕೆ ಹೋಗಿದ್ದಾರೆ.”

“ಕಾಯಲ್ಲ ಅಂತ ಬರೆದಿದ್ದೀಯಲ್ಲ?”

“ಹೌದು ಮೇಡಂ. ಮೊದ್ಲು ದಿನಾ ಸಂಜೆ ಬಸ್ಸಿನ ಹತ್ರ ಹೋಗಿ ನಿಲ್ತಿದ್ದೆ. ಅಮ್ಮ ಬೈದ್ರು. ಈಗ ನಿಲ್ಲಲ್ಲ. ಆದ್ರೆ ಬರ್ತಾರೆ.”

“ಅದು ಹ್ಯಾಗೆ ಹೇಳ್ತೀಯಾ?”

ಇಷ್ಟೂ ಗೊತ್ತಿಲ್ಲವೇ ಎಂಬಂತೆ ಅವಳು ನನ್ನನ್ನು ನೋಡಿದಳು. “ಅಡಿಕೆ ಕೊನೆ ಕೊಯ್ಯೋಕೆ ಮರ ಹತ್ತುವಾಗ ಕಾಲಿಗೆ ಹಾಕ್ಕಳ್ಳೋ ತಳೆ ಮನೇಲೇ ಇದೆ ಮೇಡಂ. ಅಪ್ಪಂದು. ಬೇರೆಯವ್ರ ತಳೇಲಿ ಅವ್ರು ಮರ ಹತ್ತಲ್ಲ. ಕೊನೆ ಕೊಯ್ಲು ಶುರುವಾಗೋ ಹೊತ್ತಿಗೆ ಬರೋದುಂಟು.”

ಅವಳ ಮುಂದೆಯೇ ‘ಅರ್ಥ ಸ್ಪಷ್ಟವಿಲ್ಲ’ ಎಂಬುದನ್ನು ಹೊಡೆದು ಹಾಕಿದೆ. ಒಂದನ್ನು ಎರಡು ಮಾಡಿ ಸಹಿ ಹಾಕಿದೆ. ಅವಳು ಹೋಗುವಾಗ ಬಾಗಿಲಲ್ಲಿ ತಿರುಗಿ, “ಒಟ್ಟು ಅಂಕಾನೂ ತಿದ್ಬೇಕು ಮೇಡಂ,” ಅಂದಳು. ತಿದ್ದಿದೆ.

ಸಂಜೆ ಮನೆಗೆ ಬಂದು ಅಪ್ಪಯ್ಯನಿಗೆ ಫೋನ್ ಮಾಡಿದೆ.

“ಚೀಲ ಬಸ್ಸಿಗೆ ಕೊಟ್ಯಾ?”

“ಇಲ್ಲ, ಮರ್ತೋಯ್ತು. ನಾಳೆ ಖಂಡಿತ ಕೊಡ್ತೀನಿ ಕಣೆ.”

“ಬೇಡ ಅಪ್ಪಯ್ಯ. ಅದು ಅಲ್ಲೇ ಮೊಳೆ ಮೇಲೆ ಇರ್ಲಿ.”

ಆ ಕಡೆ ಅವನು ಒಳಗೆ ತಿರುಗಿ ಅವ್ವನಿಗೆ ಕೂಗಿ ಹೇಳಿದ್ದು ಕೇಳಿಸಿತು: “ಏ, ಮಗಳು ಬರೋದುಂಟಂತೆ!”